ಮಾರಿ ಹೋಗದ ಮೆರೂನ್ ಗಾಡಿ

ಬನ್ರಪ್ಪಾ, ಬನ್ನಿ. ಆ ಚಾಪೆ ಹಾಸಿಕೊಂಡು ಗೋಡೆಗೆ ಒರಗಿ ಕೂತ್ಕೊಳ್ಳಿ. ಕಡಲೇಕಾಯಿ ಬೇಯೋಕೆ ಇಟ್ಟಿದ್ದೀನಿ, ಅದು ಬೇಯೋದರೊಳಗೆ ನನ್ನ ಮಾತೂ ಮುಗಿಯುತ್ತೆ. ಬೇರೆಯವರ ಮನೇಲಿ ಹಬ್ಬಕ್ಕೆ, ಮದುವೆಗೆ ಗಲಾಟೆ ಆಗುತ್ತೆ. ನಮ್ಮ ಮನೇಲಿ ಮಾತ್ರ ಏನೇ ಗಲಾಟೆ ಆದರೂ ಅದಕ್ಕೆ ಕಾರಣ ಜಗಲಿ ಪಕ್ಕ ಗೋಣಿಚೀಲ ಹೊದ್ದುಕೊಂಡು ನಿಂತಿದೆಯಲ್ಲ, ಆ ಗಾಡಿ. ಒಂದು ಮುಗೀತು ಅನ್ನೋದರೊಳಗೆ ಇನ್ನೊಂದು ಬಂದು ಬಾಗಿಲು ಬಡಿಯುತ್ತೆ.

ಗೋಣಿ ತೆಗೆದರೆ ಒಳಗೆ ಮೆರೂನ್ ಬಣ್ಣದ ಮೋಟಾರ್ ಬೈಕು. ನಮ್ಮ ಮೈಸೂರಿನ ಕಾರ್ಖಾನೆಯಲ್ಲೇ ಹುಟ್ಟಿದ್ದು. ನಮ್ಮ ಯಜಮಾನರು ಅಲ್ಲೇ ಇಂಜಿನ್ ಜೋಡಿಸೋ ಕೆಲಸದಲ್ಲಿದ್ದವರು. ಇದರ ಇಂಜಿನ್ನನ್ನೂ ಅವರೇ ಜೋಡಿಸಿ, ಆಮೇಲೆ ಅದನ್ನ ಬೇರೆಯವರಿಗೆ ಬಿಟ್ಟುಕೊಡೋಕೆ ಮನಸ್ಸು ಬರದೆ ತಾವೇ ಕೊಂಡುಕೊಂಡರು. ಬೇರೆ ಗಾಡಿಗಳಿಗೆ ಕಿಕ್ ಹೊಡೆಯೋ ಕಡ್ಡಿ ಬಲಗಡೆ, ಗೇರ್ ಹಾಕೋ ಕಡ್ಡಿ ಎಡಗಡೆ ಇರುತ್ತಲ್ಲ? ಇದಕ್ಕೆ ಎರಡಕ್ಕೂ ಸೇರಿ ಒಂದೇ ಕಡ್ಡಿ, ಅದೂ ಎಡಗಡೆ. ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ ತುಳಿದರೆ ಕಿಕ್ಕು. ಮತ್ತೆ ಮುಂದಕ್ಕೆ ಮಡಚಿ ತುಳಿದರೆ ಗೇರು. ಇದೊಂದು ನೆನಪಿಟ್ಟುಕೊಳ್ಳಿ, ನಾನು ಹೇಳೋ ಅಷ್ಟೂ ಅವಾಂತರ ಆ ಕಡ್ಡೀದೇ.

ಕಾರ್ಖಾನೆ ಬಾಗಿಲು ಹಾಕಿದ ವರ್ಷವೇ ಯಜಮಾನರಿಗೆ ಎದೆನೋವು ಬಂತು. ದೊಡ್ಡದಲ್ಲ, ಆದರೆ ನನ್ನ ಜೀವ ಹಾರಿಸೋಕೆ ಸಾಕಾಗುವಷ್ಟು. ನಮ್ಮ ಬಡಾವಣೆಯ ಡಾಕ್ಟರು ನಾಡಿ ಹಿಡಿದು ನೋಡಿ, "ನೋಡಿ ಯಜಮಾನ್ರೇ, ಗಾಡಿ ಬೇಕಾದರೆ ಓಡಿಸಿ, ಕಿಕ್ ಮಾತ್ರ ಹೊಡೀಬೇಡಿ" ಅಂದರು.

"ಕಿಕ್ ಹೊಡೀದೆ ಓಡೋಕೆ ಅದೇನು ಎತ್ತಿನಗಾಡೀನಾ?" ಅಂದರು ಇವರು.

ಅವತ್ತಿನಿಂದ ನನಗೆ ಶುರುವಾಯಿತು ನೋಡಿ. ಬೆಳಗ್ಗೆ ನಾನು ಅಡುಗೆಮನೇಲಿ ಒಗ್ಗರಣೆ ಹಾಕ್ತಿರ್ತೀನಿ, ಇವರು ಸದ್ದಿಲ್ಲದೆ ಹೊರಗೆ ಹೋಗಿ ಒಂದು ಕಿಕ್ಕು ಹೊಡೀತಾರೆ. ಗಾಡಿ ಹತ್ತಲ್ಲ. ಇನ್ನೊಂದು. ಹತ್ತಲ್ಲ. ಅವರ ಒಂದೊಂದು ಕಿಕ್ಕೂ ನನ್ನ ಎದೆಗೇ ಬೀಳೋದು. ಸಾಸಿವೆ ಸೀದು ಹೋಗೋದು. ಈ ಗಾಡಿ ಅವರನ್ನ ಕರಕೊಂಡು ಹೋಗೋಕೆ ಮುಂಚೆ ಯಾರಾದರೂ ಬಂದು ಇದನ್ನ ಕರಕೊಂಡು ಹೋಗಲಪ್ಪಾ ಶಿವನೇ ಅಂತ ದಿನಾ ಬೇಡಿಕೊಂಡೆ. ಶಿವ ಒಬ್ಬೊಬ್ಬರನ್ನಾಗಿ ಕಳಿಸಿದ. ಹೆಂಗೆಂಗೆ ಕಳಿಸಿದ ಅನ್ನೋದೇ ಕಥೆ.

ಹಂಡೆಗಿಂತ ಕಡಿಮೆ

ಆ ಕಾಲದಲ್ಲಿ ಈ ಗಾಡಿ ಯಾರಿಗೂ ಬೇಡ. ಹೊಸ ಹೊಸ ಸದ್ದಿಲ್ಲದ ಗಾಡಿಗಳು ಬಂದಿದ್ದವು, ಇದಕ್ಕೆ ಸಾಮಾನೂ ಸಿಗ್ತಿರಲಿಲ್ಲ. ಅವತ್ತು ಯಜಮಾನರು ಮಠಕ್ಕೆ ಹೋಗಿದ್ದರು, ಗಾಡಿ ಹತ್ತದೆ ಇದ್ದದ್ದಕ್ಕೆ ಬಸ್ಸಿನಲ್ಲಿ. ಬೀದೀಲಿ ಗುಜರಿಯವನು ತಳ್ಳುಗಾಡಿ ತಳ್ಳಿಕೊಂಡು ಕೂಗ್ತಾ ಬಂದ. ಕೈ ಬೀಸಿ ಒಳಗೆ ಕರೆದೆ.

ಅವನು ಗಾಡಿ ಸುತ್ತ ಒಂದು ಸುತ್ತು ಬಂದ. ಟ್ಯಾಂಕು ತಟ್ಟಿದ, ಸೀಟು ಅಮುಕಿದ, ಎತ್ತಿ ನೋಡೋಕೆ ಹೋಗಿ ಸೊಂಟ ಹಿಡಕೊಂಡ. ಆಮೇಲೆ ಒಂದು ಬೆಲೆ ಹೇಳಿದ.

"ಅಯ್ಯೋ, ಇಷ್ಟೇನಾ?" ಅಂದೆ.

"ತೂಕ ಜಾಸ್ತಿ ಇದೆ ಅಮ್ಮಾ, ಆದರೆ ಬರೀ ಕಬ್ಬಿಣ. ಬಿಚ್ಚೋಕೇ ಒಂದು ದಿನ ಬೇಕು" ಅಂದವನು ಬಾಗಿಲ ಸಂದಿಯಿಂದ ಬಚ್ಚಲ ಕಡೆ ಇಣುಕಿದ. "ಆ ಹಿತ್ತಾಳೆ ಹಂಡೆ ಕೊಡೋ ಹಂಗಿದ್ರೆ ಹೇಳಿ. ಅದಕ್ಕೆ ಇದರ ಎರಡರಷ್ಟು ಕೊಡ್ತೀನಿ."

ನಮ್ಮತ್ತೆ ಕಾಲದ ಹಂಡೆ ಅದು. ನೀರು ಕಾಯಿಸೋ ಹಂಡೆಗೆ ಇರೋ ಬೆಲೆ ಇವರ ಪ್ರಾಣ ಹಿಂಡೋ ಗಾಡಿಗೆ ಇಲ್ವಲ್ಲ ಅಂತ ಸಂಕಟ ಆಯಿತು. ಆದರೂ "ಗಾಡೀನೇ ತಗೊಂಡ್ಹೋಗಪ್ಪಾ, ಬೇಗ" ಅಂದೆ. ಅವನು ಹಗ್ಗ ತರೋಕೆ ಗೇಟಿನ ಹತ್ತಿರ ಹೋದ. ಅಷ್ಟರಲ್ಲಿ ಗೇಟಿನಲ್ಲಿ ಯಜಮಾನರು! ಹಣೆ ತುಂಬ ವಿಭೂತಿ, ಕೈಯಲ್ಲಿ ಪ್ರಸಾದ. ಗುಜರಿಯವನ ಕೈಯಲ್ಲಿ ಹಗ್ಗ.

ಇವರು ಕೂಗಾಡ್ತಾರೆ ಅಂದುಕೊಂಡೆ. ಕೂಗಾಡಲಿಲ್ಲ. ಅವನ ತಳ್ಳುಗಾಡಿ ಒಳಗೆ ಏನೋ ಮಿಂಚಿದ್ದನ್ನ ನೋಡಿ ನಿಂತುಬಿಟ್ಟರು. "ಇದೆಲ್ಲಿ ಸಿಕ್ತು ನಿಂಗೆ?" ಅಂತ ಕೈ ಹಾಕಿ ಎಳೆದರು. ಇದೇ ಥರದ ಇನ್ಯಾವುದೋ ಸತ್ತ ಗಾಡಿಯ ಸೈಲೆನ್ಸರು. ಇಬ್ಬರೂ ಜಗಲಿ ಮೇಲೆ ಕೂತರು. ನಾನು ಕಾಫಿ ಮಾಡಿದೆ, ಬೇರೆ ದಾರಿ ಇರಲಿಲ್ಲ. ಸೈಲೆನ್ಸರು ನಮ್ಮ ಮನೇಲಿ ಉಳೀತು. ಮುಂದಿನ ವಾರ ಅವನೇ ಬಾಗಿಲಿಗೆ ಬಂದ, "ಯಜಮಾನ್ರೇ, ಮಡ್‌ಗಾರ್ಡ್ ಬಂದದೆ" ಅಂತ. ಅದರ ಮುಂದಿನ ವಾರ ಚಕ್ರ.

ಒಂದು ಗಾಡಿ ಹೋಗಲಿ ಅಂತ ಕರೆದೆ ನಾನು. ದಸರಾ ಹೊತ್ತಿಗೆ ಮನೇಲಿ ಒಂದೂವರೆ ಗಾಡಿ ಇತ್ತು.

ಎಡಗಡೆ ಕಣೋ!

ಆಮೇಲೆ ನನಗೆ ಹೊಳೆದ ಉಪಾಯ ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ. ಮಧ್ಯಾಹ್ನ ಯಜಮಾನರು ಊಟ ಮಾಡಿ ಮಲಗಿದ ಮೇಲೆ ಗಾಡಿಗೆ ಕೀಲಿ ಸಿಕ್ಕಿಸಿ, ಗೇಟು ತೆರೆದಿಟ್ಟು, ನಾನು ಕಿಟಕಿ ಪಕ್ಕ ಅಕ್ಕಿ ಆರಿಸೋಕೆ ಕೂರ್ತಿದ್ದೆ. ಕದ್ದೊಯ್ದರೆ ಯಾರ ತಪ್ಪೂ ಅಲ್ಲ ಅಲ್ವಾ? ಬಹಳ ದಿನ ಹಸು ಬಂತು, ಕೊರಿಯರ್ ಹುಡುಗ ಬಂದ, ಕಳ್ಳ ಮಾತ್ರ ಬರಲಿಲ್ಲ. ಮೈಸೂರಿನ ಕಳ್ಳರು ಎಷ್ಟು ಸೋಮಾರಿಗಳು ಅಂತ ನನಗೆ ಗೊತ್ತಾಗಿದ್ದೇ ಆಗ.

ಕೊನೆಗೊಂದು ದಿನ ಬಂದ. ಚೌಕಳಿ ಅಂಗಿ, ಸಣಕಲು ಆಳು. ಆಚೆ ಈಚೆ ನೋಡಿದ, ಗೋಣಿ ತೆಗೆದ, ಗಾಡಿ ಮೇಲೆ ಕೂತ. ಬಲಗಾಲು ಎತ್ತಿ ತುಳಿದ. ಗಾಳಿ ತುಳಿದ! ಅಲ್ಲಿ ಕಡ್ಡೀನೇ ಇಲ್ಲವಲ್ಲ. ಬಗ್ಗಿ ನೋಡಿದ, ತಡಕಾಡಿದ, ಮತ್ತೆ ಗಾಳಿ ತುಳಿದ. ನನಗೆ ಕಿಟಕಿಯಿಂದಲೇ "ಎಡಗಡೆ ಕಣೋ, ಎಡಗಡೆ!" ಅಂತ ಕೂಗಿಬಿಡಬೇಕು ಅನ್ನಿಸ್ತು. ಸೆರಗು ಬಾಯಿಗೆ ತುರುಕಿಕೊಂಡೆ. ಪಾಪ, ಕೊನೆಗೆ ಇಳಿದು ತಳ್ಳಿಕೊಂಡೇ ಹೊರಟ. ಗೇಟು ದಾಟಿದ. ಶಿವನೇ, ಕಾಪಾಡಿದೆ ಅಂತ ಕೈ ಮುಗಿದೆ.

ಮುಗಿದ ಕೈ ಇಳಿಸೋಕೆ ಮುಂಚೆ ಅವನು ವಾಪಸ್ ಬರ್ತಾ ಇದ್ದಾನೆ! ಮೂಲೆ ಅಂಗಡಿ ಕಟ್ಟೆ ಮೇಲೆ ಯಜಮಾನರ ಜೊತೆ ಕಾರ್ಖಾನೇಲಿ ಇದ್ದ ಸ್ನೇಹಿತರೊಬ್ಬರು ಕೂತಿರ್ತಾರೆ. ಅವರಿಗೆ ಕಣ್ಣಿನ ಪೊರೆ, ಗಾಡಿ ಯಾರದು ಅಂತ ಗೊತ್ತಾಗಲಿಲ್ಲ, ಯಾವುದು ಅಂತ ಮಾತ್ರ ಗೊತ್ತಾಯಿತು. "ಏನಪ್ಪಾ, ಕಿಕ್ ಸಿಗ್ತಿಲ್ವಾ? ಇದರ ಕಾಯಿಲೆಗೆಲ್ಲ ಮದ್ದು ಗೊತ್ತಿರೋರು ಈ ಕಡೆ ಒಬ್ಬರೇ. ನಡಿ, ನಾನೂ ತಳ್ತೀನಿ" ಅಂತ ಹಿಂದಿನಿಂದ ತಳ್ಳಿಕೊಂಡು ಬಂದೇಬಿಟ್ಟರು. ಕಳ್ಳ ನಮ್ಮ ಬೀದಿ ನೋಡಿ "ಬೇಡ ಸಾರ್, ಬೇರೆ ಕಡೆ ತೋರಿಸ್ತೀನಿ" ಅಂತಾನೆ. ಸ್ನೇಹಿತರು "ಬೇರೆಯೋರಿಗೆ ಏನು ಗೊತ್ತಾಗುತ್ತೋ, ತಳ್ಳೋ ಸುಮ್ಮನೆ" ಅಂತಾರೆ. ಬಿಟ್ಟು ಓಡೋಣ ಅಂದರೆ ಅಷ್ಟು ಭಾರದ ಗಾಡಿ ಕಾಲ ಮೇಲೇ ಬೀಳುತ್ತೆ.

"ಅಣ್ಣಾ, ನಿಮ್ಮ ಗಾಡಿ ಥರದ್ದೇ ಇನ್ನೊಂದು ಬಂದಿದೆ, ಬನ್ನಿ!" ಅಂತ ಸ್ನೇಹಿತರು ಕೂಗಿದರು. ಯಜಮಾನರು ನಿದ್ದೆಗಣ್ಣಲ್ಲಿ, ಕನ್ನಡಕ ಇಲ್ಲದೆ ಎದ್ದು ಬಂದರು. ಬಂದವರೇ ಪಾಠ ಶುರು ಮಾಡಿದರು. "ಎಡಗಾಲು ಇಡಪ್ಪಾ. ಒಳಕ್ಕೆ ಒತ್ತು. ಮೇಲಕ್ಕೆ ತಿರುಗಿಸು. ಹಾಂ, ಈಗ ತುಳಿ. ಹಿಂಗಲ್ಲ, ಮುನಿಸಿಕೊಂಡೋರ ಥರ ತುಳೀಬಾರದು, ಮೆತ್ತಗೆ ಶುರು ಮಾಡಿ ಜೋರಾಗಿ ಮುಗಿಸಬೇಕು." ಕಳ್ಳ ತುಳಿದ, ತುಳಿದ, ಬೆವರು ಸುರೀತು. ಕೊನೆಗೆ ದಗದಗ ದಗದಗ ಅಂತ ಗಾಡಿ ಹತ್ತಿಕೊಳ್ತು.

ಹೋಗೋ ಮಾರಾಯ, ಈಗಲಾದರೂ ಹೋಗೋ ಅಂತ ನಾನು ಒಳಗೇ ಹಲ್ಲು ಕಚ್ಚಿದೆ. ಅವನು ಹೋಗಲಿಲ್ಲ. ಆರಿಸಿ, ಇಳಿದು, ಅಳೋ ಮುಖ ಮಾಡಿಕೊಂಡು, "ಇದು ನಿಮ್ಮದೇ ಗಾಡಿ ಯಜಮಾನ್ರೇ" ಅಂದ.

ಯಜಮಾನರು ಒಳಗೆ ಬಂದು ಕನ್ನಡಕ ಹಾಕಿಕೊಂಡು ಹೋಗಿ ನೋಡಿದರು. ಹೌದು, ಅವರದೇ. ಅಷ್ಟರಲ್ಲಿ ಕಳ್ಳ ಮಾಯ.

"ನೋಡಿದ್ಯೇನೇ" ಅಂದರು ನನ್ನ ಹತ್ತಿರ. "ಯಾರೋ ಎಲ್ಲೋ ತಗೊಂಡ್ಹೋಗಿದ್ದನ್ನ ಈ ಬಿಸಿಲಲ್ಲಿ ತಳ್ಕೊಂಡು ಬಂದು ಕೊಟ್ಟ. ಎಂಥಾ ಒಳ್ಳೇ ಆಳು. ಒಂದು ಲೋಟ ಮಜ್ಜಿಗೆ ಕೊಡಬಾರದಿತ್ತಾ ನೀನು?"

ಡಾಕ್ಟರ ಎದೆಬಡಿತ

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾಲ ಉಲ್ಟಾ ಆಯಿತು. ಹುಟ್ಟೋದು ನಿಂತ ಮೇಲೆ ಇರೋದಕ್ಕೆ ಬೆಲೆ ಬಂತು. ಕಾಲೇಜು ಹುಡುಗರು ಭಾನುವಾರ ಬೆಟ್ಟಕ್ಕೆ ಹೋಗೋರು ನಮ್ಮ ಗೇಟಿನ ಮುಂದೆ ನಿಂತು ಫೋಟೋ ತೆಗೆಯೋರು. "ಅಜ್ಜೀ, ಕೊಡ್ತೀರಾ?" ಅನ್ನೋರು. ನಾನು ಕೊಡ್ತೀನಿ ಅಂತ ಬಾಯಿ ತೆಗೆಯೋದರೊಳಗೆ ಯಜಮಾನರು ಕೆಮ್ಮೋರು.

ಒಂದು ಸಲ ಅವರಿಗೆ ಜ್ವರ. ಡಾಕ್ಟರು ಮನೆಗೇ ಬಂದರು, ಅವರೇ, ಕಿಕ್ ಹೊಡೀಬೇಡಿ ಅಂದಿದ್ದವರು. ಬರುವಾಗ ಗಾಳಿಗೆ ಗೋಣಿ ಹಾರಿ ಬಿದ್ದಿತ್ತು. ಡಾಕ್ಟರು ಜಗಲಿ ಹತ್ತಿದವರು ಮತ್ತೆ ಇಳಿದರು. ಗಾಡಿ ಮುಂದೆ ಕುಕ್ಕರುಗಾಲಲ್ಲಿ ಕೂತು ಇಂಜಿನ್ ಮೇಲಿದ್ದ ನಂಬರು ಓದಿದರು. ಒಳಗೆ ಜ್ವರದಲ್ಲಿ ಮಲಗಿರೋ ರೋಗಿ ಹೊರಗಿನ ಸದ್ದಿಗೆ ಕಿವಿಗೊಟ್ಟುಕೊಂಡೇ ಇದ್ದರು.

ಕೊನೆಗೆ ಒಳಗೆ ಬಂದ ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ಗಾಳಿ ಒತ್ತುತ್ತಾ, "ಯಜಮಾನ್ರೇ, ನನ್ನ ಮಾತು ಕೇಳಿ. ನಿಮ್ಮ ಎದೆಗೆ ಆ ಗಾಡಿ ಒಳ್ಳೇದಲ್ಲ. ನಂಗೆ ಕೊಟ್ಬುಡಿ" ಅಂದರು.

ಅವರ ಬಾಯಿಂದ ಆ ಮಾತು ಬಿದ್ದದ್ದೇ ತಡ, ಯಜಮಾನರ ಮುಖ ಅರಳಿತು. ಡಾಕ್ಟರು ಹೋದ ಮೇಲೆ ಎದ್ದು ಕೂತೇಬಿಟ್ಟರು.

"ಈಗ ಗೊತ್ತಾಯ್ತಾ ಕಣೇ? ಆವತ್ತು ಕಿಕ್ ಹೊಡೀಬೇಡಿ ಅಂದಿದ್ದು ಯಾಕೆ ಅಂತ? ಆವತ್ತಿಂದಲೂ ಅವನ ಕಣ್ಣು ಗಾಡಿ ಮೇಲೆ! ನನ್ನ ಎದೇಲಿ ಏನೂ ಇಲ್ಲ."

"ಅಯ್ಯೋ, ಆವತ್ತು ಅವರು ಗಾಡೀನೇ ನೋಡಿರಲಿಲ್ಲ ಕಣ್ರೀ!"

"ನಿಂಗೆ ಗೊತ್ತಾಗಲ್ಲ ಬುಡು" ಅಂದರು. ಜ್ವರ ಬಿಟ್ಟ ಮಾರನೇ ದಿನದಿಂದ ನನ್ನ ಕಣ್ಣೆದುರಿಗೇ, ಧೈರ್ಯವಾಗಿ, ಕಿಕ್ ಹೊಡೆಯೋಕೆ ಶುರು ಮಾಡಿದರು. ಅಲ್ಲಿವರೆಗೆ ಕದ್ದು ಹೊಡೀತಿದ್ದೋರು!

ಹೆದರಿಕೆಗೆ ಔಷಧಿ ಕೊಡಿ ಅಂತ ಡಾಕ್ಟರ ಹತ್ತಿರ ನಾನೇ ಹೋದೆ. ಅವರು ನನ್ನ ನಾಡಿ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಕೇಳಿದರು: "ಅಮ್ಮಾ, ಕೊಡೋ ಮನಸ್ಸು ಮಾಡಿದ್ರಾ?"

ತುಕ್ಕು ಎಲ್ಲಿ?

ಲಕ್ಷ್ಮೀಪುರಂನಿಂದ ಒಬ್ಬರು ವಕೀಲರು ಹೇಳಿ ಕಳಿಸಿದರು. ಅವರಿಗೆ ಹಳೇ ಗಾಡಿಗಳ ಹುಚ್ಚಂತೆ, ಮನೇಲಿ ಆಗಲೇ ಎರಡೋ ಮೂರೋ ಇಟ್ಟಿದ್ದಾರಂತೆ. ಭಾನುವಾರ ನೋಡೋಕೆ ಬರ್ತಾರೆ, ಒಳ್ಳೇ ಬೆಲೆ ಕೊಡ್ತಾರೆ. ಆಶ್ಚರ್ಯ ಏನು ಅಂದರೆ, ಯಜಮಾನರು "ಬರಲಿ, ನೋಡೋದಕ್ಕೇನು" ಅಂದರು. ಅವರಿಗೆ ತೋರಿಸೋದು ಅಂದರೆ ಇಷ್ಟ, ಕೊಡೋದು ಅಂದರೆ ಕಷ್ಟ. ನಾನು ಮಾತ್ರ ಇದೇ ಸರಿಯಾದ ಸಮಯ ಅಂತ ಸೆರಗು ಕಟ್ಟಿದೆ.

ಶನಿವಾರ ಯಜಮಾನರು ಪೇಟೆಗೆ ಹೋದದ್ದೇ, ಹುಣಸೆಹಣ್ಣು ನೆನೆಹಾಕಿದೆ. ಬೂದಿ, ಹುಣಸೆಹಣ್ಣು, ತೆಂಗಿನ ನಾರು. ಹಂಡೆ ತಿಕ್ಕಿದ ಹಾಗೆ ತಿಕ್ಕಿದೆ. ತುಕ್ಕು ಅನ್ನೋದು ಎಲ್ಲೆಲ್ಲಿತ್ತೋ ಅಲ್ಲೆಲ್ಲ ಬಿಳುಪು ಬರೋವರೆಗೂ ತಿಕ್ಕಿದೆ. ಟ್ಯಾಂಕಿನ ಮೇಲೆ ಮಾಸಿದ ಏನೋ ಅಕ್ಷರ ಇತ್ತು, ಅರ್ಧ ಹೋಗಿತ್ತು, ಪೂರ್ತಿ ಹೋಗೋವರೆಗೂ ಉಜ್ಜಿದೆ. ಸೀಟು ಹರಿದಿತ್ತು, ಅದಕ್ಕೆ ನನ್ನ ಹಳೇ ರೇಷ್ಮೆ ಸೀರೆಯ ಅಂಚು ಹಚ್ಚಿ ಹೊಲಿದೆ. ಕೊಬ್ಬರಿ ಎಣ್ಣೆ ಹಚ್ಚಿದ ಮೇಲೆ ಅದರಲ್ಲಿ ಮುಖ ಕಾಣ್ತಿತ್ತು, ನನ್ನದೇ.

ವಕೀಲರು ಬಂದರು. ಗೋಣಿ ನಾನೇ ಎಳೆದೆ, ಪರದೆ ಎಳೆದ ಹಾಗೆ. ವಕೀಲರು ನೋಡಿದರು. ಬಗ್ಗಿ ಚಕ್ರದ ಕಡೆಯೂ ನೋಡಿದರು. ಆಮೇಲೆ ಮನೇಲಿ ಸಾವಾದವರನ್ನ ಮಾತಾಡಿಸೋ ದನಿಯಲ್ಲಿ, "ಅಮ್ಮಾ, ತುಕ್ಕು ಎಲ್ಲಿ?" ಅಂದರು.

"ತೆಗೆದೆ" ಅಂದೆ ಹೆಮ್ಮೆಯಿಂದ.

"ಟ್ಯಾಂಕಿನ ಮೇಲೆ ಕಾರ್ಖಾನೆಯೋರು ಬರೆದಿದ್ದ ಅಕ್ಷರ?"

"ಅದೂ ತೆಗೆದೆ."

ವಕೀಲರು ಜಗಲಿ ಮೇಲೆ ಕೂತುಬಿಟ್ಟರು. ನೀರು ಕೇಳಿದರು. ಹಳೇ ಗಾಡಿ ಹಳೇದಾಗಿಯೇ ಕಾಣಬೇಕಂತೆ, ಅದು ಹುಟ್ಟಿದಾಗಿನ ಬಣ್ಣ, ಅದು ಪಡೆದ ತುಕ್ಕು, ಅದಕ್ಕೇ ಬೆಲೆಯಂತೆ. ನಾನು ತಿಕ್ಕಿ ತೆಗೆದದ್ದೇ ಬೆಲೆಬಾಳೋದಂತೆ! ತುಕ್ಕಿಗೂ ಕಾಸು ಕೊಡೋರು ಇದ್ದಾರೆ ಅಂತ ನನಗೆ ಯಾರು ಹೇಳಿದ್ದರು? ಯಜಮಾನರು ನನ್ನನ್ನ ಬೈಯಬಹುದಿತ್ತು. ಬೈಯಲಿಲ್ಲ. ಮೀಸೆಯೊಳಗೆ ನಗ್ತಾ, ಸೀಟಿನ ರೇಷ್ಮೆ ಅಂಚು ಸವರಿದರು.

ಹೋಗುವಾಗ ವಕೀಲರು ಪಾಪ ಸಮಾಧಾನ ಹೇಳಿದರು: "ಇರಲಿ ಅಮ್ಮಾ, ಮಳೆಗಾಳಿಗೆ ಬಿಟ್ಟರೆ ಮತ್ತೆ ಹಿಡಿಯುತ್ತೆ. ಆಗ ಹೇಳಿ ಕಳಿಸಿ."

ಮಾರನೇ ಬೆಳಗ್ಗೆ ಯಜಮಾನರು ಹಲ್ಲುಜ್ಜುತ್ತಾ ಹೊರಗೆ ಬಂದರು. ನಾನು ದಾಸವಾಳದ ಗಿಡಕ್ಕೆ ಒಂದು ಚೊಂಬು, ಗಾಡಿಗೆ ಒಂದು ಚೊಂಬು ನೀರು ಹಾಕ್ತಾ ಇದ್ದೆ.

ಎರಡು ನಿಂಬೆಹಣ್ಣು

ತುಕ್ಕು ನಿಧಾನ. ಹೆದರಿಕೆ ಬೇಗ. ಮುಂದಿನ ದಸರಾಕ್ಕೆ ಇನ್ನೂ ಸ್ವಲ್ಪ ದಿನ ಇತ್ತು. ಒಂದು ಬೆಳಗ್ಗೆ ಕಿಕ್ಕಿನ ಸದ್ದು ಕೇಳ್ತಾ ಇದ್ದದ್ದು ನಿಂತಿತು. ಗಾಡಿ ಹತ್ತಿದ ಸದ್ದು ಬರಲಿಲ್ಲ. ಓಡಿ ಹೋದೆ. ಜಗಲಿ ಮೇಲೆ ಕೂತಿದ್ದರು, ಮುಖ ಬಿಳಚಿತ್ತು, ಅಂಗಿ ಒದ್ದೆ. "ಏನಿಲ್ಲ ಬುಡು, ಸುಸ್ತು" ಅಂದರು. ಬೀಸಣಿಗೆ ತಂದು ಬೀಸಿದೆ. ಇಷ್ಟು ವರ್ಷ ಬೇಡಿಕೊಂಡಿದ್ದೆ, ಗೋಗರೆದಿದ್ದೆ. ಅವತ್ತು ಅದು ಯಾವುದೂ ಬಾಯಿಗೆ ಬರಲಿಲ್ಲ.

"ನೋಡಿ, ನಿಮಗೇನಾದರೂ ಆದರೆ ಈ ಗಾಡೀನ ಸುತ್ತಿಗೇಲಿ ಒಡೆಸಿ ತೂಕಕ್ಕೆ ಹಾಕ್ತೀನಿ. ನನ್ನಾಣೆ" ಅಂದೆ.

ಬೆಚ್ಚಿಬಿದ್ದರು! ತಾವು ಸಾಯೋದಕ್ಕೆ ಹೆದರದವರು ಗಾಡಿ ಸಾಯೋದಕ್ಕೆ ಹೆದರಿದರು. ಸಂಜೆ ಹೇಳಿದರು: "ಆಯ್ತು, ಕೊಡ್ತೀನಿ. ಆದರೆ ದುಡ್ಡು ನೋಡಿ ಕೊಡಲ್ಲ. ಕಾರ್ಖಾನೇಲಿ ಆಯುಧಪೂಜೆ ದಿನ ನಾವು ಮಾಡ್ತಿದ್ದ ಹಂಗೇ ಮಾಡ್ತೀನಿ. ಗಾಡಿ ಮುಂದೆ ನಿಂಬೆಹಣ್ಣು ಇಡ್ತೀನಿ. ಯಾರು ಒಂದೇ ಕಿಕ್ಕಿಗೆ ಹೊರಡಿಸಿ ನಿಂಬೆಹಣ್ಣಿನ ಮೇಲೆ ಹತ್ತಿಸ್ತಾರೋ ಅವರದು ಗಾಡಿ. ಅವರು ಕೊಟ್ಟಷ್ಟು ಬೆಲೆ. ಯಾರಿಗೂ ಆಗದೇ ಇದ್ದರೆ ನಂದೇ, ಆಮೇಲೆ ನೀನು ತುಟಿ ಬಿಚ್ಚಬಾರದು."

ನಾನು ಒಪ್ಪಿದೆ. ಮೂರು ಜನಕ್ಕೂ ಹೇಳಿ ಕಳಿಸಿದೆ. ಆಯುಧಪೂಜೆ ದಿನ ವಕೀಲರು ಬೂಟು ಹಾಕಿಕೊಂಡು ಬಂದರು. ಡಾಕ್ಟರು ರೋಗಿಗಳನ್ನ ಕಾಯೋಕೆ ಬಿಟ್ಟು ಬಂದರು. ಗುಜರಿಯವನು ಹೆಂಡತಿ ಕೊಟ್ಟ ಹೂವಿನ ಹಾರ ಹಿಡಕೊಂಡು ಬಂದ. ಸೈಲೆನ್ಸರು ಕೊಟ್ಟವನು ಅವನೇ ಅಲ್ವಾ, ಅವನಿಗೂ ಹಕ್ಕಿದೆ ಅಂದರು ಯಜಮಾನರು. ಗಾಡಿಗೆ ಹಾರ ಹಾಕಿ, ವಿಭೂತಿ ಹಚ್ಚಿ, ಚಕ್ರದ ಮುಂದೆ ಎರಡು ನಿಂಬೆಹಣ್ಣು ಇಟ್ಟು, ಸ್ಟ್ಯಾಂಡ್ ತೆಗೆದು, ಯಜಮಾನರೇ ಹ್ಯಾಂಡಲ್ ಹಿಡಿದು ನಿಂತರು. ನಾನು ಆರತಿ ತಟ್ಟೆ ಹಿಡಿದು ಎಲ್ಲ ದೇವರನ್ನೂ ಕರೆದೆ. ಯಾರಾದರೂ ಸರಿ, ಒಬ್ಬರು ಹೊಡೀಲಿ ಅಂತ.

ವಕೀಲರು ಮೊದಲು. ಪುಸ್ತಕದಲ್ಲಿ ಓದಿಕೊಂಡು ಬಂದಿದ್ದರು. ಒಳಕ್ಕೆ ಒತ್ತಿದರು, ತಿರುಗಿಸಿದರು, ತುಳಿದರು. ಕಡ್ಡಿ ಹಿಂದಕ್ಕೆ ಚಿಮ್ಮಿ ಅವರ ಮೊಣಕಾಲ ಕೆಳಗೆ ಹೊಡೀತು. ಕೋರ್ಟಿನಲ್ಲಿ ಆಡಬಾರದ ಒಂದು ಮಾತು ಆಡಿ ಒಂಟಿಕಾಲಲ್ಲಿ ಕುಣಿದರು.

ಡಾಕ್ಟರು ಜಾಣರು. ಮೊದಲು ಪೆಟ್ರೋಲ್ ಇಳಿಯಲಿ ಅಂತ ಕಾರ್ಬ್ಯುರೇಟರಿನ ಗುಂಡಿ ಒತ್ತಿದರು. ಒತ್ತಿದರು, ಒತ್ತಿದರು, ರೋಗಿಯ ಹೊಟ್ಟೆ ಒತ್ತಿದ ಹಾಗೆ ಒತ್ತುತ್ತಲೇ ಇದ್ದರು. ಪೆಟ್ರೋಲ್ ಸುರಿದು ರಂಗೋಲಿ ಕೊಚ್ಚಿಹೋಯಿತು. ತುಳಿದಾಗ ಗಾಡಿ ಗೊಳಕ್ ಅಂತು, ಅಷ್ಟೇ. "ಹೊಟ್ಟೆ ತುಂಬಾ ಕುಡಿಸ್ಬುಟ್ರಿ ಡಾಕ್ಟ್ರೇ, ಅದು ಹೆಂಗೆ ಓಡ್ತದೆ?" ಅಂದ ಗುಜರಿಯವನು.

ಅವನು ತುಳಿದಾಗ ಅವನ ಚಪ್ಪಲಿ ಉಂಗುಷ್ಠ ಕಿತ್ತು, ಚಪ್ಪಲಿ ಹಾರಿ ನನ್ನ ಆರತಿ ತಟ್ಟೆಗೆ ಬಿತ್ತು. ದೀಪ ಆರಿತು.

ಮೂವರೂ ಸೋತರು. ಯಜಮಾನರ ಮುಖ ನೋಡಬೇಕಿತ್ತು ನೀವು, ಗೆದ್ದ ಮಗುವಿನ ಹಾಗಿತ್ತು. "ಹಂಗಾದ್ರೆ ಗಾಡಿ ನಂದೇ! ನಿಂಬೆಹಣ್ಣು ನಾನೇ ಹತ್ತಿಸ್ತೀನಿ" ಅಂತ ಪಂಚೆ ಎತ್ತಿ ಕಟ್ಟಿದರು.

ನನ್ನ ಕಣ್ಣಿಗೆ ಆ ಬಿಳಚಿದ ಮುಖ, ಆ ಒದ್ದೆ ಅಂಗಿ ಬಂದು ನಿಂತವು. ಅವರು ಕಾಲೆತ್ತಿದರು. ನಾನು ತಟ್ಟೆ ಅಲ್ಲೇ ಬಿಸಾಕಿ, "ಬೇಡ ಕಣ್ರೀ!" ಅಂತ ಅವರನ್ನ ಪಕ್ಕಕ್ಕೆ ತಳ್ಳಿ, ಒಂದು ಕೈಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಲಿ ಸೀರೆ ಎತ್ತಿ, ಬರಿಗಾಲಲ್ಲಿ ತುಳಿದೆ. ಅವರು ತುಳೀಬಾರದು ಅನ್ನೋದು ಬಿಟ್ಟರೆ ನನ್ನ ತಲೇಲಿ ಇನ್ನೇನೂ ಇರಲಿಲ್ಲ.

ದಗದಗದಗದಗ!

ಒಂದೇ ಕಿಕ್ಕು! ಹೊಗೆ ಎದ್ದಿತು. ಎಲ್ಲರೂ ಕಲ್ಲಾಗಿ ನಿಂತರು. ನಾನೂ ನಿಂತಿದ್ದರೆ ಆಗ್ತಿತ್ತು. ಆದರೆ ಇಷ್ಟು ವರ್ಷ ಅಡುಗೆಮನೆ ಕಿಟಕಿಯಿಂದ ನೋಡ್ತಾನೇ ಇದ್ದೆನಲ್ಲ, ಹತ್ತಿದ ಮೇಲೆ ಅವರು ಆ ಕಡ್ಡಿ ಮುಂದಕ್ಕೆ ಮಡಚಿ ಒಂದು ಸಲ ತುಳಿಯೋರು. ನನ್ನ ಕಾಲೂ ತಾನಾಗೇ ಮಡಚಿ ತುಳೀತು. ಗೇರ್ ಬಿತ್ತು. ಗಾಡಿ ಹೊರಟಿತು. ಮೇಲೆ ಯಾರೂ ಇಲ್ಲ! ಪಕ್ಕದಲ್ಲಿ ನಾನು, ಹ್ಯಾಂಡಲ್ ಬಿಡೋಕೆ ಧೈರ್ಯ ಇಲ್ಲದೆ, "ಅಯ್ಯಯ್ಯೋ ಶಿವನೇ, ನಿಲ್ಲಿಸ್ರೋ" ಅಂತ ಕೂಗ್ತಾ ಓಡ್ತಾ ಇದ್ದೀನಿ. ನಿಂಬೆಹಣ್ಣು ಪಚಕ್ ಪಚಕ್. ವಕೀಲರು ಒಂಟಿಕಾಲಲ್ಲೇ ಕಾಂಪೌಂಡ್ ಹತ್ತಿದರು. ಗಾಡಿ ಹೋಗಿ ನಾನು ದಿನಾ ನೀರು ಹಾಕ್ತಿದ್ದ ದಾಸವಾಳದ ಗಿಡದೊಳಗೆ ನುಗ್ಗಿ, ಒಂದು ಕೆಮ್ಮು ಕೆಮ್ಮಿ ಆರಿತು. ನನ್ನ ತಲೆ ತುಂಬ ದಾಸವಾಳ.

ಯಜಮಾನರು ನಿಧಾನವಾಗಿ ಬಂದರು. ನನ್ನ ಕಡೆ ನೋಡಿದರು. ಜಜ್ಜಿಹೋದ ನಿಂಬೆಹಣ್ಣು ನೋಡಿದರು. "ಒಂದೇ ಕಿಕ್ಕು. ಎರಡೂ ನಿಂಬೆಹಣ್ಣು" ಅಂದರು. "ಗಾಡಿ ನಿಂದು ಕಣೇ."

ವಕೀಲರು ಕಾಂಪೌಂಡ್ ಮೇಲಿಂದಲೇ ಕೂಗಿದರು: "ಅಮ್ಮಾ, ಈಗ ನಿಮ್ಮದು! ಬೆಲೆ ಹೇಳಿ, ಎಷ್ಟಾದರೂ ಸರಿ!" ಡಾಕ್ಟರು "ನಾನು ಅದಕ್ಕಿಂತ ಜಾಸ್ತಿ ಕೊಡ್ತೀನಿ" ಅಂದರು. ಇಷ್ಟು ವರ್ಷ ಕಾದ ಘಳಿಗೆ ಅದು. ಬಾಯಿ ತೆಗೆದೆ. ಯಜಮಾನರು ಆಕಾಶ ನೋಡ್ತಾ ನಿಂತಿದ್ದರು, ಅಲ್ಲೇನೋ ಬಹಳ ಮುಖ್ಯವಾದದ್ದು ಇದ್ದ ಹಾಗೆ.

ಗಾಡಿ ನನ್ನದಾದ ಮೇಲೆ ಕೀಲಿ ನನ್ನ ಸೆರಗಿನಲ್ಲಿ. ಕೀಲಿ ನನ್ನ ಸೆರಗಿನಲ್ಲಿದ್ದರೆ ಅವರು ಹೆಂಗೆ ಕಿಕ್ ಹೊಡೀತಾರೆ? ಹೊಡೆಯೋಳು ನಾನು. ಇದು ಯಾಕೆ ನನಗೆ ಮುಂಚೆ ಹೊಳೀಲಿಲ್ಲ?

"ಮಾರೋದಿಲ್ಲ" ಅಂದೆ.

ಆಮೇಲೆ ಯಾರು ಏನಾದರು

ಗುಜರಿಯವನು ಈಗ ತಳ್ಳುಗಾಡಿ ಬಿಟ್ಟು ಹಳೇ ಗಾಡಿ ಸಾಮಾನಿನ ಅಂಗಡಿ ಇಟ್ಟಿದ್ದಾನೆ. ಮೊನ್ನೆ ಒಂದು ಹೆಡ್‌ಲೈಟಿನ ಬಳೆ ಬೇಕಿತ್ತು, ಹೋಗಿ ಕೇಳಿದೆ. ಅವನು ಹೇಳಿದ ಬೆಲೆ ಕೇಳಿ "ತೂಕ ಹಾಕಿ ಕೊಡಪ್ಪಾ" ಅಂದೆ. "ಅಮ್ಮಾ, ಬೇಕಾದರೆ ಹಂಡೆ ತನ್ನಿ, ಅದರ ಮೇಲೆ ಸ್ವಲ್ಪ ದುಡ್ಡು ಸೇರಿಸಿ" ಅಂತಾನೆ.

ಡಾಕ್ಟರು ಬೇರೆ ಕಡೆ ಇಂಥದ್ದೇ ಒಂದು ಕೊಂಡರು. ವರ್ಷ ತುಂಬೋದರೊಳಗೆ ಮಂಡಿ ಹೋಯಿತು. ಅವರ ಡಾಕ್ಟರು ಕಿಕ್ ಹೊಡೀಬೇಡಿ ಅಂದಿದ್ದಾರಂತೆ. ಕದ್ದು ಹೊಡೀತಾರೆ ಅಂತ ಅವರ ಮನೆಯವರು ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡು ಹೋದರು.

ವಕೀಲರ ಮನೇಲಿ ಗಾಡಿಗಳು ಮಳೇಲಿ ನಿಂತು ಚೆನ್ನಾಗಿ ತುಕ್ಕು ಹಿಡಿದಿದ್ದವು. ದೀಪಾವಳಿಗೆ ಅವರು ಊರಲ್ಲಿಲ್ಲದಾಗ ಅವರ ಅತ್ತೆ ಹುಣಸೆಹಣ್ಣು ನೆನೆಹಾಕಿದರಂತೆ. ಮುಂದಿನದ್ದು ನಾನು ಕೇಳಲಿಲ್ಲ.

ಕಳ್ಳ ಈಗ ಮಂಡಕಳ್ಳಿ ಕಡೆ ಹೋಗೋ ರಸ್ತೇಲಿ ಪೆಟ್ರೋಲ್ ಬಂಕಿನಲ್ಲಿ ಕೆಲಸಕ್ಕಿದ್ದಾನೆ. ನಾನು ಹೊರಡಿಸಿ ಕೊಟ್ಟ ಮೇಲೆ ಯಜಮಾನರು ಓಡಿಸ್ತಾರೆ, ನಾನು ಹಿಂದೆ ಕೂರ್ತೀನಿ. ಹೀಗೆ ಒಂದು ಸಲ ಅಲ್ಲಿಗೆ ಹೋದಾಗ ಸಿಕ್ಕ. ಈ ಗಾಡಿಗೆ ಬೇಕಾದ ಹಾಗೆ ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿ, "ಕಿಕ್ ಸರಿಯಾಗಿದೆಯಾ ಯಜಮಾನ್ರೇ?" ಅಂತ ವಿಚಾರಿಸಿದ. ಯಜಮಾನರಿಗೆ ಅವನು ಗಾಡಿ ತಂದುಕೊಟ್ಟ ಒಳ್ಳೇ ಆಳು. ನನ್ನ ಮುಖ ಮಾತ್ರ ಅವನು ನೋಡೋದಿಲ್ಲ. ನಾನೂ ಅವನ ಮುಖ ನೋಡೋದಿಲ್ಲ. ಗೇಟು ತೆಗೆದಿಟ್ಟೋರು ಯಾರು ಅಂತ ಅವನಿಗೂ ಅನುಮಾನ ಇದೆ.

ಸೀಟಿನ ರೇಷ್ಮೆ ಅಂಚು ಇನ್ನೂ ಹಾಗೇ ಇದೆ. ಬಿಚ್ಚಿದರೆ ಬೆಲೆ ಜಾಸ್ತಿ ಆಗುತ್ತೆ ಅಂತ ಹುಡುಗರು ಹೇಳ್ತಾರೆ. ಯಜಮಾನರು ಬಿಚ್ಚೋಕೆ ಬಿಡೋದಿಲ್ಲ.

ಅವರ ಎದೆ ಚೆನ್ನಾಗಿದೆ, ಶಿವ ನಡೆಸಿದ್ದಾನೆ. ಆದರೆ ಈಗ ಇನ್ನೊಂದು ಶುರುವಾಗಿದೆ. ಬೆಳಗ್ಗೆ ನಾನು ಕಿಕ್ ಹೊಡೆಯೋವಾಗ ಇವರು ಬಾಗಿಲಲ್ಲಿ ನಿಂತು, "ಹುಷಾರು ಕಣೇ, ಮಂಡಿ, ಈ ವಯಸ್ಸಲ್ಲಿ ಜಾರಿಬಿದ್ರೆ ಏನು ಗತಿ" ಅಂತ ಎದೆ ಮೇಲೆ ಕೈ ಇಟ್ಟುಕೊಂಡು ಒದ್ದಾಡ್ತಾರೆ. ಹೋದ ವಾರ ನಾನು ಮಠದಿಂದ ಬರೋ ಹೊತ್ತಿಗೆ ಗುಜರಿಯವನು ಜಗಲಿ ಮೇಲೆ ಕಾಫಿ ಕುಡೀತಾ ಕೂತಿದ್ದ. ಯಾಕೆ ಬಂದೆಯಪ್ಪಾ ಅಂದರೆ ಇಬ್ಬರೂ ಮುಖ ಮುಖ ನೋಡಿಕೊಂಡರು. ನಿನ್ನೆ ಮಧ್ಯಾಹ್ನ ನಾನು ಮಲಗಿ ಏಳೋದರೊಳಗೆ ಗೇಟು ಪೂರ್ತಿ ತೆರೆದಿತ್ತು.

ಕಡಲೇಕಾಯಿ ಬೆಂದಿದೆ, ತಿಂದುಕೊಂಡು ಹೊರಡಿ. ಹೋಗೋವಾಗ ಆ ಗೇಟಿಗೆ ಬೀಗ ಹಾಕಿ, ಕೀಲಿ ನನ್ನ ಕೈಗೇ ಕೊಟ್ಟು ಹೋಗಿ.